ಸಹಿ ಹಾಕುವ ಮುನ್ನ, ತಮ್ಮಾ

ತಮ್ಮಾ, ಇಳಕಲ್ ನಗರಸಭೆಗೆ ನೀನು ಆರಿಸಿ ಬಂದದ್ದು ಈ ಮುತ್ಯಾನಿಗೆ ಹಿಗ್ಗಿನ ಸಂಗತಿ. ಆದರೆ ನಿನ್ನ ಗೆಳೆಯರು ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಿಸಿದ ಬ್ಯಾನರಿನಲ್ಲಿ ‘ಮುಂದಿನ ಶಾಸಕರು’ ಎಂದು ಬರೆಸಿದ್ದಾರಂತೆ. ವಾರ್ಡಿನ ಹೆಣ್ಣುಮಕ್ಕಳು ನಲ್ಲಿ ನೀರಿಗಾಗಿ ನಿನ್ನನ್ನು ಆರಿಸಿದರೇ ಹೊರತು ವಿಧಾನಸೌಧಕ್ಕೆ ಕಳಿಸಲಿಕ್ಕಲ್ಲ. ಸನ್ಮಾನದ ದಿನ ನೀನೂ ಮೈಕು ಹಿಡಿದು ಬಿ.ಡಿ. ಜತ್ತಿಯವರ ಹೆಸರು ಎತ್ತಿದೆ: ಜಮಖಂಡಿ ಪುರಸಭೆಯಿಂದ ಹೊರಟು ರಾಷ್ಟ್ರಪತಿಯ ಸ್ಥಾನದಲ್ಲಿ ಕೂತವರು ನಮ್ಮ ಜಿಲ್ಲೆಯವರೇ ಎಂದು. ಹೇಳಿದ್ದು ಖರೆ. ಆದರೆ ಏಣಿಯ ಮೆಟ್ಟಿಲು ಎಣಿಸಿದ ಹಾಗೆ ಹೇಳಿದೆ. ಅವರ ಬದುಕನ್ನು ನಾನು ಓದಿಕೊಂಡದ್ದು ಬೇರೆ ತರಹ.

ಸಾವಳಗಿಯ ಕಿರಾಣಿ ವ್ಯಾಪಾರಿಯ ಮಗ ಬಸಪ್ಪ ದಾನಪ್ಪ ಜತ್ತಿ 1912ರಲ್ಲಿ ಹುಟ್ಟಿದರು. ಕೊಲ್ಹಾಪುರದಲ್ಲಿ ಕಾನೂನು ಓದಿ ಬಂದು ಜಮಖಂಡಿಯಲ್ಲಿ ವಕೀಲಿ ಹಿಡಿದರು. 1940ರಲ್ಲಿ ಪುರಸಭೆ ಸದಸ್ಯ, 1945ರಲ್ಲಿ ಅಧ್ಯಕ್ಷ. ಆಗಿನ್ನೂ ಅದು ಪಟವರ್ಧನ ಅರಸರ ಸಂಸ್ಥಾನ. ಮುಂದೆ ಆ ಸಂಸ್ಥಾನಕ್ಕೇ ಮಂತ್ರಿಯಾದರು, ಮುಖ್ಯಮಂತ್ರಿಯೂ ಆದರು. ಇಲ್ಲಿಯವರೆಗೆ ನಿನ್ನ ಏಣಿ ಸರಿಯಾಗಿಯೇ ನಿಂತಿದೆ. 1948ರ ಮಾರ್ಚಿನಲ್ಲಿ ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು. ಕುರ್ಚಿಯಷ್ಟೇ ಅಲ್ಲ, ಕುರ್ಚಿ ಇದ್ದ ರಾಜ್ಯವೂ ಉಳಿಯಲಿಲ್ಲ. ಜತ್ತಿಯವರು ಮತ್ತೆ ಕರಿ ಕೋಟು ತೊಟ್ಟು ಕೋರ್ಟಿಗೆ ಹೋದರು. ನಿನಗೆ ಇವತ್ತು ಕುರ್ಚಿ ಹೋದರೆ ನಾಳೆ ಮುಂಜಾನೆ ಯಾವ ಕೆಲಸಕ್ಕೆ ಹೋಗುತ್ತೀ? ಅಪ್ಪನ ಸೀರೆ ಅಂಗಡಿಯ ಗಲ್ಲಾದ ಮೇಲೆ ಕೂಡಲು ನಾಚಿಕೆ ಅನಿಸೀತೇನು? ಅನಿಸುವಂತಿದ್ದರೆ ಈಗಿನಿಂದಲೇ ವಾರಕ್ಕೆರಡು ದಿನ ಅಲ್ಲಿ ಕೂಡು. ರಾಜಕಾರಣದಿಂದಲೇ ಹೊಟ್ಟೆ ಹೊರೆಯಬೇಕಾದವನು ಯಾರದೋ ಬಿಲ್ಲಿಗೆ ಸಹಿ ಮಾಡಲೇಬೇಕಾಗುತ್ತದೆ.

ಮುಂದಿನದು ಹುನಗುಂದದ ನಮಗೆ ಇನ್ನೂ ಹತ್ತಿರದ ಕತೆ. ಜತ್ತಿಯವರು 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ಅದಕ್ಕೂ ಮೊದಲು ಗೇಣಿ ಕಾನೂನು ಪರಿಶೀಲಿಸುವ ಸಮಿತಿಯ ಅಧ್ಯಕ್ಷರಾಗಿದ್ದವರು. 1961ರ ಭೂಸುಧಾರಣಾ ಕಾಯ್ದೆಯ ಬುಡ ಅಲ್ಲಿದೆ. 1962ರ ಚುನಾವಣೆ ಮುಗಿದಾಗ ಅವರು ಮುಖ್ಯಮಂತ್ರಿಯಾಗಿ ಮುಂದುವರಿಯಲಿಲ್ಲ. ಕಾಂಗ್ರೆಸ್ಸಿನೊಳಗೇ ಎದುರು ಬಣದ ನಾಯಕರಾಗಿದ್ದ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಿದ್ದರು. ಆಗ ಗಾದಿಯ ಮೇಲೆ ಕೂತವರು ನಮ್ಮ ಹುನಗುಂದದ ಶಾಸಕರು, ಬಾದಾಮಿ ತಾಲೂಕಿನ ಕೆರೂರಿನಲ್ಲಿ ಹುಟ್ಟಿದ ಎಸ್.ಆರ್. ಕಂಠಿ. ಮಾರ್ಚ್ 14ಕ್ಕೆ ಹತ್ತಿದರು, ಜೂನ್ 20ಕ್ಕೆ ಇಳಿದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ವಿಧಾನಸಭೆಗೆ ಬಂದಕೂಡಲೇ ಜಾಗ ಬಿಟ್ಟುಕೊಟ್ಟು, ಅದೇ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾದರು. ಜತ್ತಿಯವರು ಹಣಕಾಸು ಮಂತ್ರಿ. ನೋಡು, ಒಂದೇ ವರ್ಷದಲ್ಲಿ ಇಬ್ಬರು ಮಾಜಿ ಮುಖ್ಯಮಂತ್ರಿಗಳು, ಇಬ್ಬರೂ ಈ ಕಡೆಯವರೇ, ಮೂರನೆಯವರ ಕೈಕೆಳಗೆ ಫೈಲು ನೋಡಿದರು. ಕಂಠಿಯವರನ್ನು ‘ಮೂರು ತಿಂಗಳ ಮುಖ್ಯಮಂತ್ರಿ’ ಎಂದು ನಗುವವರಿದ್ದಾರೆ. ನಾನು ನಗುವುದಿಲ್ಲ. ಕೊಟ್ಟ ಮಾತಿನಂತೆ ಎದ್ದು ಜಾಗ ಬಿಡುವವರು ಈಗ ಯಾವ ಪಕ್ಷದಲ್ಲಿದ್ದಾರೆ ಹೇಳು!

(ಸೋತ ದೊಡ್ಡವರಿಗೆ ನಮ್ಮ ಜಿಲ್ಲೆ ದಾರಿ ಕೊಡುವುದು ಅಲ್ಲಿಗೇ ಮುಗಿಯಲಿಲ್ಲ. 2018ರಲ್ಲಿ ಚಾಮುಂಡೇಶ್ವರಿಯಲ್ಲಿ ಸೋತ ಸಿದ್ದರಾಮಯ್ಯನವರನ್ನು ಬಾದಾಮಿ 1,696 ಮತಗಳಿಂದ ಗೆಲ್ಲಿಸಿತು. ದೊಡ್ಡವರು ಬಂದಾಗ ಊರಿನ ಹುಡುಗರ ಟಿಕೆಟಿನ ಗತಿ ಏನಾಗುತ್ತದೆ, ಬ್ಯಾನರ್ ಕಟ್ಟಿದವರು ಅದನ್ನೂ ಯೋಚಿಸಲಿ.)

ಈಗ ರಾಷ್ಟ್ರಪತಿ ಭವನದ ಮಾತು. ಪಾಂಡಿಚೇರಿಯ ಉಪರಾಜ್ಯಪಾಲ, ಒಡಿಶಾದ ರಾಜ್ಯಪಾಲ ಹುದ್ದೆಗಳನ್ನು ದಾಟಿ 1974ರಲ್ಲಿ ಜತ್ತಿಯವರು ಉಪರಾಷ್ಟ್ರಪತಿಯಾದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ರಾಜ್ಯಸಭೆಯ ಪೀಠದಲ್ಲಿ ಕೂತವರು ಅವರೇ. ಆ ದಿನಗಳ ಅವರ ಮೌನ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಊರವರು ಎಂಬ ಅಭಿಮಾನಕ್ಕೆ ಅದನ್ನು ಮುಚ್ಚಿಡಬಾರದು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಇವರು ಹಂಗಾಮಿ ರಾಷ್ಟ್ರಪತಿ. ಮಾರ್ಚಿನಲ್ಲಿ ಹೊಸ ಪ್ರಧಾನಿ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದರು. ಏಪ್ರಿಲಿನಲ್ಲಿ ಹೊಸ ಸರ್ಕಾರ ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಕಾಗದ ಕಳಿಸಿತು. ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ದಿಲ್ಲಿಯಲ್ಲಿ ಗದ್ದಲವೋ ಗದ್ದಲ. ಕಾಂಗ್ರೆಸ್ಸಿನ ಋಣ ತೀರಿಸುತ್ತಿದ್ದಾರೆ ಎಂದು ಹಲವರು ಟೀಕಿಸಿದರು. ಕೊನೆಗೆ ಏಪ್ರಿಲ್ 30ಕ್ಕೆ ಸಹಿ ಬಿತ್ತು. ಬೀಳಲೇಬೇಕಿತ್ತು, ಏಕೆಂದರೆ 1976ರ 42ನೇ ತಿದ್ದುಪಡಿ ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕು ಎಂದು ಕಟ್ಟುಮಾಡಿತ್ತು. ‘ಇನ್ನೊಮ್ಮೆ ಯೋಚಿಸಿ’ ಎಂದು ಒಂದು ಸಲ ಕಾಗದ ವಾಪಸು ಕಳಿಸುವ ಅಧಿಕಾರ ರಾಷ್ಟ್ರಪತಿಗೆ ಸಿಕ್ಕದ್ದು ಅದಾದ ಮೇಲೆ, 1978ರ 44ನೇ ತಿದ್ದುಪಡಿಯಲ್ಲಿ.

ನಾನು ನಿನಗೆ ಹೇಳಬೇಕೆಂದದ್ದು ಇದೇ. ದೇಶದ ಅತಿ ಎತ್ತರದ ಕುರ್ಚಿಯಲ್ಲಿ ಕೂತಾಗ ಅವರ ಕೈಗೆ ಅಷ್ಟೇ ಆಸ್ಪದವಿತ್ತು. ನಗರಸಭೆಯ ಸಾಮಾನ್ಯ ಸಭೆಯಲ್ಲಿ ನಿನಗಿರುವುದು ಅದಕ್ಕಿಂತ ಹೆಚ್ಚು. ಒಪ್ಪದ ಠರಾವಿಗೆ ಎದ್ದು ನಿಂತು ‘ನನ್ನ ವಿರೋಧವಿದೆ, ನಡಾವಳಿಯಲ್ಲಿ ಬರೆದುಕೊಳ್ಳಿ’ ಎನ್ನಬಹುದು. ಪಕ್ಷ ವಿಪ್ ಕೊಟ್ಟ ದಿನದ ಮಾತು ಬೇರೆ. 1987ರ ಪಕ್ಷಾಂತರ ನಿಷೇಧದ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೂ ಇದೆ, ಅದನ್ನು ಓದಿಕೋ. ಆದರೆ ಗಟಾರ, ಬೀದಿದೀಪ, ಸಂತೆ ಕಟ್ಟೆಯ ಹರಾಜು ಇವುಗಳಿಗೆ ಯಾರೂ ವಿಪ್ ಕೊಡುವುದಿಲ್ಲ. ಅಲ್ಲಿ ಸುಮ್ಮನೆ ಕೂತವರು ತಾವಾಗಿಯೇ ಸುಮ್ಮನೆ ಕೂತವರು.

ನಿನ್ನ ಅಧಿಕಾರ ದೊಡ್ಡದೇನಲ್ಲ, ಅದೂ ಗೊತ್ತಿರಲಿ. 1992ರ 74ನೇ ತಿದ್ದುಪಡಿ ಊರಾಡಳಿತಕ್ಕೆಂದು 18 ಕೆಲಸಗಳ ಪಟ್ಟಿ ಕೊಟ್ಟಿದೆ. ಬಹಳಷ್ಟು ಕಾಗದದ ಮೇಲೇ ಉಳಿದಿವೆ. ದುಡ್ಡು ಬೆಂಗಳೂರಿನಿಂದ ಬರಬೇಕು, ಪೌರಾಯುಕ್ತರನ್ನು ಕಳಿಸುವುದೂ ಸರ್ಕಾರ. ಬಾಗಲಕೋಟೆಯನ್ನೇ ನೋಡು. ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಓಣಿಗಳು ಹೋದವು, ನವನಗರ ಕಟ್ಟಲು ಬೇರೆಯದೇ ಪ್ರಾಧಿಕಾರ ಬಂತು. ಅಧ್ಯಕ್ಷಗಿರಿಯ ಕನಸಂತೂ ಬೇಡ: ಮೀಸಲಾತಿಯ ಪಟ್ಟಿ ನಿನ್ನ ಕೈಯಲ್ಲಿಲ್ಲ, ಅವಧಿ 30 ತಿಂಗಳು. ಆ ಕುರ್ಚಿಗಾಗಿ ರೆಸಾರ್ಟಿಗೆ ಹೋಗಿ ಬಂದವರ ಮುಖವನ್ನು ಓಣಿಯ ಜನ ಮರೆಯುವುದಿಲ್ಲ.

ಕೆಲಸ ಕಲಿಯಬೇಕೆಂದರೆ ಮೊದಲು ನೀರು ಬಿಡುವ ವಾಲ್ವ್‌ಮನ್‌ನ ಸಂಗಡ ಒಂದು ಬೆಳಗಿನ ಜಾವ ತಿರುಗು. ಯಾವ ಓಣಿಗೆ ಎಷ್ಟು ಹೊತ್ತು ನೀರು, ಯಾರ ಮನೆ ಮುಂದೆ ಮೋಟರು, ಎಲ್ಲ ಅವನಿಗೆ ಗೊತ್ತು. ನಕ್ಷೆಯಲ್ಲಿ ಅದು ಇರುವುದಿಲ್ಲ. ಪೌರಕಾರ್ಮಿಕರ ಹಾಜರಿ ನೋಡು, ಸಂಬಳ ಯಾವಾಗ ಆಯಿತೆಂದು ಅವರನ್ನೇ ಕೇಳು. ವಯಸ್ಸಾದವರನ್ನು ಹೆಸರು ಹಿಡಿದು ಕರೆಯದೆ ಅಣ್ಣಾ, ಅಕ್ಕಾ ಅನ್ನು. ಮನೆ ಉತಾರಕ್ಕೆ ಅಲೆಯುವವರಿಗೆ ‘ನಾ ಮಾಡಿಸಿಕೊಡ್ತೀನಿ’ ಅನ್ನಬೇಡ. ಯಾವ ಅರ್ಜಿ, ಎಷ್ಟು ಶುಲ್ಕ ಎಂದು ತಿಳಿಸಿ ಕಳಿಸು, ಅವರ ಕೆಲಸ ನಿನ್ನ ಉಪಕಾರ ಆಗಬಾರದು. ಸಿಸಿ ರಸ್ತೆ ಮುಗಿಯಿತೆಂದರೆ ಇಂಜಿನಿಯರರ ಎಂ.ಬಿ. ಪುಸ್ತಕ ತರಿಸಿ, ಅದರಲ್ಲಿ ಬರೆದ ಉದ್ದ, ಅಗಲ, ದಪ್ಪವನ್ನು ಟೇಪು ಹಿಡಿದು ತಾಳೆ ನೋಡು. ಗುತ್ತಿಗೆದಾರ ನಿನ್ನ ಗೆಳೆಯನಾಗಿದ್ದರೆ ಎರಡು ಸಲ ನೋಡು.

ಮುಂದಿನ ಸಾಮಾನ್ಯ ಸಭೆಯ ನೋಟೀಸು ಬಂದ ದಿನವೇ ಅಜೆಂಡಾ ಹಿಡಿದು ಹುನಗುಂದಕ್ಕೆ ಬಾ. ಗೆಳೆಯರ ಗುಂಪು ಬೇಡ, ನೀನೊಬ್ಬನೇ ಬಾ. ಹೋದ ವರ್ಷದ ಆಯವ್ಯಯದ ಪ್ರತಿಯನ್ನೂ ತಾ. ಕೊಡುವುದಿಲ್ಲ ಎಂದರೆ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಇಸಿದುಕೋ.