ತಂದೆ–ತಾಯಿ ಮದುವೆಯಾಗಿಲ್ಲ, ಮಗು ಯಾರ ಬಳಿ ಇರಬೇಕು?

ಪ್ರಶ್ನೆ: ನನಗೆ 27 ವರ್ಷ. ಬಟ್ಟೆ ಅಂಗಡಿಯಲ್ಲಿ ಕೆಲಸ. ಮದುವೆಯಾಗುತ್ತೇನೆ ಎಂದವರ ಜೊತೆ ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದೆ. ಇಬ್ಬರೂ ಹಿಂದೂಗಳೇ. ಮಗನಿಗೆ ಈಗ ಮೂರು ತುಂಬಿದೆ. ಹೋದ ವರ್ಷ ಅವರು ಬೇರೆ ಮದುವೆಯಾದರು. ಮಗುವಿನ ಖರ್ಚಿಗೆ ಹಣ ಕೇಳಿದ್ದಕ್ಕೆ ಅವರ ತಾಯಿ, "ಗಂಡು ಮಗು ನಮ್ಮ ವಂಶದ್ದು. ತಾಳಿ ಇಲ್ಲದ ನಿನಗೇನು ಹಕ್ಕು? ಕೋರ್ಟಿಗೆ ಹೋಗಿ ಕರ್ಕೊಂಡು ಬರ್ತೀವಿ" ಎಂದರು. ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರು ಮಾತ್ರ ಇದೆ. ಶಾಲೆಯವರು ಅಪ್ಪನ ಸಹಿ ಕೇಳುತ್ತಿದ್ದಾರೆ. ಹಣ ಕೇಳಲು ಹೋಗಿ ಮಗುವನ್ನೇ ಕಳೆದುಕೊಳ್ಳುತ್ತೇನೆಯೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಇಲ್ಲ. ಆ ತಾಯಿ ಹೇಳಿದ್ದಕ್ಕೂ ಕಾನೂನು ಹೇಳುವುದಕ್ಕೂ ಸಂಬಂಧವೇ ಇಲ್ಲ. ಮದುವೆಯಾದ ದಂಪತಿಯ ಮಗುವಿಗೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ತಂದೆಯನ್ನು ಮೊದಲ ಪಾಲಕನೆನ್ನುತ್ತದೆ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ, ಅದೇ ಕಾಯ್ದೆಯ 6(ಬಿ) ಕಲಮಿನ ಪ್ರಕಾರ, ತಾಯಿಯೇ ಮೊದಲು. ತಂದೆಯ ಸರದಿ ಆಕೆಯ ನಂತರ. ಅಂದರೆ ತಾಳಿ ಇಲ್ಲದಿರುವುದು ಈ ವಿಷಯದಲ್ಲಿ ನಿಮ್ಮ ಹಕ್ಕನ್ನು ಗಟ್ಟಿ ಮಾಡಿದೆ. ಅವರು ಕೋರ್ಟಿಗೆ ಹೋಗಬಾರದೆಂದಿಲ್ಲ. ಹೋದರೆ ನ್ಯಾಯಾಧೀಶರು ನೋಡುವುದು ಮಗುವಿನ ಹಿತ: ಇಷ್ಟು ದಿನ ಸಾಕಿದವರು ಯಾರು, ಮಗು ಯಾರಿಗೆ ಹೊಂದಿಕೊಂಡಿದೆ, ಊಟ, ಆರೋಗ್ಯ, ಓದು ಹೇಗೆ ನಡೆಯುತ್ತಿದೆ ಎಂಬುದು. ವಂಶದ ಮಾತಿಗೆ ಅಲ್ಲಿ ಬೆಲೆಯಿಲ್ಲ. ಅಂಗಡಿ ಕೆಲಸದ ಸಣ್ಣ ಸಂಬಳವೊಂದೇ ನಿಮ್ಮಿಂದ ಮಗುವನ್ನು ದೂರ ಮಾಡಲು ಕಾರಣವಾಗುವುದೂ ಇಲ್ಲ. ಸಂಬಳ ಸಾಲದು ಎಂಬುದಕ್ಕೆ ಉತ್ತರ ತಂದೆ ಕೊಡಬೇಕಾದ ಜೀವನಾಂಶ.

ಅದನ್ನು ಹೆದರದೆ ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು (ಹಳೆಯ ಸಿಆರ್‌ಪಿಸಿಯ 125) ತಂದೆ–ತಾಯಿ ಮದುವೆಯಾಗಿರಲಿ, ಇಲ್ಲದಿರಲಿ, ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗುವಿಗೆ ಜೀವನಾಂಶದ ಹಕ್ಕು ಕೊಟ್ಟಿದೆ. ಇಬ್ಬರೂ ಕೊನೆಯದಾಗಿ ಜೊತೆಗಿದ್ದ ಊರಿನಲ್ಲೇ ಅರ್ಜಿ ಹಾಕಬಹುದು, ಅವರಿರುವಲ್ಲಿಗೆ ಅಲೆಯಬೇಕಿಲ್ಲ. ಪ್ರಕರಣ ಮುಗಿಯುವವರೆಗೆ ಮಧ್ಯಂತರ ಜೀವನಾಂಶವನ್ನೂ ಕೇಳಿ. ನೋಟಿಸು ತಲುಪಿದ 60 ದಿನಗಳೊಳಗೆ ಅದನ್ನು ಸಾಧ್ಯವಾದಷ್ಟೂ ಇತ್ಯರ್ಥ ಮಾಡಬೇಕೆಂದು ಕಾನೂನೇ ಹೇಳಿದೆ. "ಮಗು ನನ್ನದಲ್ಲ" ಎಂದು ಅವರು ಹೇಳಿದರೆ ಡಿಎನ್‌ಎ ಪರೀಕ್ಷೆ ಕೇಳಬಹುದು. ಬಾಡಿಗೆ ಕರಾರು, ಆಸ್ಪತ್ರೆಯ ಚೀಟಿ, ಅವರು ಕಳಿಸಿದ ಸಂದೇಶ, ಹಣ ಹಾಕಿದ ಲೆಕ್ಕ, ಒಂದನ್ನೂ ಅಳಿಸಬೇಡಿ. ಬೆದರಿಕೆ ಮುಂದುವರಿದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯೂ ನಿಮ್ಮ ನೆರವಿಗಿದೆ. ಆಗ ಇಬ್ಬರೂ ಅವಿವಾಹಿತರಾಗಿದ್ದು ಗಂಡ–ಹೆಂಡತಿಯಂತೆ ಒಂದೇ ಮನೆಯಲ್ಲಿ ಬಾಳಿದ್ದೀರಿ. ಇಂಥ ಸಂಬಂಧವನ್ನು ಆ ಕಾಯ್ದೆ ಒಳಗೊಳ್ಳುತ್ತದೆ.

ಇನ್ನು ಶಾಲೆಯ ವಿಷಯ. ದೆಹಲಿಯ ಅವಿವಾಹಿತ ಕ್ರೈಸ್ತ ತಾಯಿಯೊಬ್ಬರು ತಮ್ಮ ಉಳಿತಾಯ ಮತ್ತು ವಿಮೆಗೆ ಮಗನನ್ನು ನಾಮಿನಿ ಮಾಡಲು ಹೋದಾಗ ತಂದೆಯ ಹೆಸರು ಹೇಳಿ, ಇಲ್ಲವೇ ಪಾಲಕತ್ವದ ಪತ್ರ ತನ್ನಿ ಎಂದರು. ಆಕೆ ಸುಪ್ರೀಂ ಕೋರ್ಟಿನವರೆಗೆ ಹೋದರು. 2015ರ ಜುಲೈನಲ್ಲಿ ಬಂದ ತೀರ್ಪು ಸ್ಪಷ್ಟವಾಗಿದೆ: ಇಂಥ ತಾಯಿ ತಂದೆಯ ಹೆಸರು ಬಹಿರಂಗಪಡಿಸಬೇಕಿಲ್ಲ, ಪಾಲಕತ್ವದ ಅರ್ಜಿಯಲ್ಲಿ ಅವನಿಗೆ ನೋಟಿಸು ಕೊಡಲೇಬೇಕೆಂದಿಲ್ಲ, ಆಕೆಯ ಅಫಿಡವಿಟ್ ಆಧಾರದ ಮೇಲೆ ಜನನ ಪ್ರಮಾಣಪತ್ರ ಕೊಡಬೇಕು. ಪಾಸ್‌ಪೋರ್ಟಿಗೂ ಒಬ್ಬ ಪೋಷಕರ ಹೆಸರು ಸಾಕು. ಶಾಲೆಗೆ ಲಿಖಿತ ಅರ್ಜಿ ಕೊಟ್ಟು, ನಿರಾಕರಿಸಿದರೆ ಕಾರಣವನ್ನೂ ಬರಹದಲ್ಲೇ ಕೇಳಿ. ವಕೀಲರ ಖರ್ಚಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ನಾವಿಬ್ಬರೂ ಮದುವೆಯಾಗದೆ ಐದು ವರ್ಷ ಜೊತೆಗಿದ್ದೆವು. ಮಗಳಿಗೆ ನಾಲ್ಕು ವರ್ಷ, ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರಿದೆ. ಜಗಳವಾಗಿ ಅವಳು ಮಗಳೊಂದಿಗೆ ಶಿವಮೊಗ್ಗದ ತವರಿಗೆ ಹೋದಳು. ಫೋನಿನಲ್ಲೂ ಮಾತಾಡಿಸುತ್ತಿಲ್ಲ. ಹಣ ಕಳಿಸುವುದನ್ನು ನಿಲ್ಲಿಸಿದ್ದೇನೆ. ನೇರವಾಗಿ ಹೋಗಿ ಕರೆತಂದರೆ ತಪ್ಪೇ?
— ಒಬ್ಬ ಅಪ್ಪ, ಬೆಂಗಳೂರು

ಉತ್ತರ: ತಪ್ಪು. ಎಳೆದುಕೊಂಡು ಬಂದರೆ ಮಗು ಹೆದರುತ್ತದೆ, ಕೋರ್ಟಿನಲ್ಲಿ ನಿಮ್ಮ ಮೇಲಿನ ವಿಶ್ವಾಸವೂ ಹೋಗುತ್ತದೆ. ಹಣವನ್ನು ಇವತ್ತೇ ಮತ್ತೆ ಶುರು ಮಾಡಿ, ಬ್ಯಾಂಕಿನ ಮೂಲಕವೇ ಕಳಿಸಿ. ಅದು ಮಗಳ ಹಕ್ಕು, ಅವಳ ಮುಖ ನೋಡಲು ಕೊಡುವ ಬೆಲೆಯಲ್ಲ.

ನೀವು ಹಿಂದೂಗಳಾಗಿದ್ದರೆ ಪಾಲಕತ್ವದಲ್ಲಿ ತಾಯಿಯ ನಂತರ ನೀವು. ಆದರೆ ಭೇಟಿಯ ದಾರಿ ಮುಚ್ಚಿಲ್ಲ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ, ಮಗು ವಾಸವಾಗಿರುವ ಊರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿ. ಮಗಳು ಅಲ್ಲೇ ನೆಲೆಸಿದ್ದರೆ ಅದು ಶಿವಮೊಗ್ಗವಾಗುತ್ತದೆ. ನನ್ನ ಸಲಹೆ, ಸುಪರ್ದಿಗೆ ಹಟ ಹಿಡಿಯಬೇಡಿ. ವಾರಕ್ಕೊಮ್ಮೆ ಭೇಟಿ, ದಿನ ಬಿಟ್ಟು ದಿನ ವಿಡಿಯೋ ಕರೆ, ರಜೆಯಲ್ಲಿ ಕೆಲವು ದಿನ ಎಂದು ನಿರ್ದಿಷ್ಟವಾಗಿ ಕೇಳಿ. ಪ್ರಕರಣ ನಡೆಯುವಾಗಲೇ ಮಧ್ಯಂತರ ಭೇಟಿಗೂ ಆದೇಶ ಪಡೆಯಬಹುದು. ನಾಲ್ಕು ವರ್ಷದ ಮಗು ಅಪ್ಪನ ದನಿಯನ್ನು ಬೇಗ ಮರೆಯುತ್ತದೆ, ತಡಮಾಡಬೇಡಿ. ಮಗಳ ತಾಯಿಗೂ ಒಂದು ಮಾತು, ಅವರು ಇದನ್ನು ಓದುತ್ತಿದ್ದರೆ: ನಿಮ್ಮಿಬ್ಬರ ಮುನಿಸಿನ ಪಾಲು ಮಗುವಿನ ತಲೆಗೆ ಬೀಳದಿರಲಿ.

ಒಂದು ಕೆಲಸ ಮಾತ್ರ ನಾಳೆಗೆ ದೂಡಬೇಡಿ, ಉಯಿಲು ಬರೆಯಿರಿ. ಹಿಂದೂ ಉತ್ತರಾಧಿಕಾರ ಕಾಯ್ದೆ, ತಂದೆ–ತಾಯಿಯ ನಡುವೆ ಮದುವೆಯೇ ಇಲ್ಲದಿದ್ದಾಗ, ಮಗುವನ್ನು ತಾಯಿಯ ಸಂಬಂಧಿ ಎಂದಷ್ಟೇ ಪರಿಗಣಿಸುತ್ತದೆ. ಉಯಿಲಿಲ್ಲದೆ ನೀವು ತೀರಿಕೊಂಡರೆ ಆಸ್ತಿಯಲ್ಲಿ ಮಗಳಿಗೆ ಏನೂ ಸಿಗದೇ ಹೋಗಬಹುದು. ಹುಟ್ಟಿನಲ್ಲಿ ಮಗುವಿನ ತಪ್ಪೇನೂ ಇಲ್ಲದಿರುವಾಗ ಇದು ಘೋರ ಅನ್ಯಾಯ, ಈ ಕಾನೂನು ಬದಲಾಗಲೇಬೇಕು.

ಪ್ರಶ್ನೆ: ಮೊದಲ ಹೆಂಡತಿ ಇರುವಾಗಲೇ ನಮ್ಮ ತಂದೆ ದೇವಸ್ಥಾನದಲ್ಲಿ ನಮ್ಮ ತಾಯಿಗೆ ತಾಳಿ ಕಟ್ಟಿದ್ದರು. ತಂದೆ ಈಚೆಗೆ ತೀರಿಕೊಂಡರು. ಉಯಿಲು ಬರೆದಿಲ್ಲ. ಪಿತ್ರಾರ್ಜಿತ ಜಮೀನಿನಲ್ಲಿ ನಮಗೆ ಪಾಲಿಲ್ಲವೆನ್ನುತ್ತಾರೆ. ನಿಜವೇ?
— ಇಬ್ಬರು ಅಣ್ಣತಮ್ಮಂದಿರು, ಹಾವೇರಿ

ಉತ್ತರ: ಪೂರ್ತಿ ನಿಜವಲ್ಲ. ಆ ಮದುವೆ ಅಸಿಂಧುವಾದರೂ ಹಿಂದೂ ವಿವಾಹ ಕಾಯ್ದೆಯ 16ನೇ ಕಲಮು ನಿಮ್ಮನ್ನು ಔರಸ ಮಕ್ಕಳೆಂದೇ ಒಪ್ಪುತ್ತದೆ. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2023ರ ಸೆಪ್ಟೆಂಬರ್ 1ರಂದು ಈ ಗೊಂದಲ ಬಗೆಹರಿಸಿದೆ. ತಂದೆ ಸಾಯುವ ಮುನ್ನ ಕುಟುಂಬದ ಆಸ್ತಿ ಭಾಗವಾಗಿದ್ದರೆ ಅವರಿಗೆ ಎಷ್ಟು ಬರುತ್ತಿತ್ತೋ, ಅಷ್ಟರಲ್ಲಿ ನಿಮಗೂ ಉಳಿದ ಮಕ್ಕಳಷ್ಟೇ ಪಾಲಿದೆ. ಅವರ ಸ್ವಯಾರ್ಜಿತ ಆಸ್ತಿಯಲ್ಲೂ ಇದೆ. ದೊಡ್ಡಪ್ಪ, ಚಿಕ್ಕಪ್ಪಂದಿರ ಪಾಲಿನಲ್ಲಿ ಮಾತ್ರ ಇಲ್ಲ. ತಾಳಿ ಕಟ್ಟಿದ ದಿನದ ಫೋಟೊ, ರೇಷನ್ ಕಾರ್ಡು, ತಂದೆಯ ಹೆಸರಿರುವ ಶಾಲಾ ದಾಖಲೆ ಸೇರಿಸಿಕೊಂಡು ವಿಭಾಗ ದಾವೆ ಹೂಡಿ. ಜಮೀನು ಮಾರಾಟವಾಗದಂತೆ ತಡೆಯಾಜ್ಞೆಯನ್ನು ಮೊದಲ ದಿನವೇ ಕೇಳಿ.