ಸುರುಳಿ ಫಿಲ್ಮಿಗೆ ಬೆಳಕಿನ ಸೋಂಕು: ಕಾರಣ ಮತ್ತು ನಿವಾರಣೆ

1937ರಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಆಫ್ ಇಂಡಿಯಾ ಸ್ಥಾಪನೆಗೊಂಡ ಈ ಮುಂಬಯಿಯಲ್ಲಿ ಛಾಯಾಗ್ರಹಣದ ಹವ್ಯಾಸ ಬಹಳ ಹಳೆಯದು. ಭಾರತದಲ್ಲಿಯೇ ತಯಾರಾದ ಅಗ್ಫಾ ಕ್ಲಿಕ್-3 ಕ್ಯಾಮೆರಾವನ್ನು ಹಿರಿಯರ ಕಪಾಟಿನಿಂದ ಮತ್ತೆ ಹೊರತೆಗೆಯುವ ತರುಣರು ಇಂದಿಗೂ ಇದ್ದಾರೆ. ಅದಕ್ಕೆ ಬೇಕಾದ 120ರ ಫಿಲ್ಮು ಈಗಲೂ ದೊರೆಯುತ್ತದೆ. ಆದರೆ ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಊರಿನಿಂದ ಬಂದ ಅಜ್ಜಿಯ ಚಿತ್ರವು ಬೆಳಕು ಸೋರಿ ಹಾಳಾದರೆ ಯಾವ ರಸಾಯನವೂ ಅದನ್ನು ಸರಿಪಡಿಸಲಾರದು.

1901ರಲ್ಲಿ ಕೊಡಕ್ ಸಂಸ್ಥೆ ಬಳಕೆಗೆ ತಂದ ಈ ಫಿಲ್ಮಿಗೆ 35 ಮಿ.ಮೀ. ಫಿಲ್ಮಿನಂತೆ ಡಬ್ಬಿಯ ರಕ್ಷಣೆಯಿಲ್ಲ. ಬೆನ್ನಿಗಿರುವ ಕಾಗದ ಮತ್ತು ಸುರುಳಿಯ ಬಿಗಿ, ಇವೆರಡೇ ಅದರ ಕವಚ.

ರೋಗದ ಮೂಲವನ್ನು ನೆಗೆಟಿವೇ ಹೇಳುತ್ತದೆ. ಕಪ್ಪು ಕಲೆ ಅಂಚಿನಿಂದ ಒಳಗೆ ಹರಡಿದ್ದರೆ ಸುರುಳಿ ಸಡಿಲಾಗಿತ್ತೆಂದು ತಿಳಿಯಬೇಕು. ಚಿತ್ರದ ಚೌಕಟ್ಟನ್ನು ದಾಟಿ ನಡುವಣ ಖಾಲಿ ಜಾಗಕ್ಕೂ ಹಬ್ಬಿದ್ದರೆ ಹಿಂಬದಿಯ ಮುಚ್ಚಳವನ್ನೋ ಕೆಂಪು ಕಿಂಡಿಯನ್ನೋ ಶಂಕಿಸಬೇಕು. ಚೌಕಟ್ಟಿನೊಳಗೇ ನಿಂತಿದ್ದರೆ ದೋಷವು ಮುಂಭಾಗದ ಷಟರಿನಲ್ಲಿ ಅಥವಾ ಮಡಚುವ ಕ್ಯಾಮೆರಾದ ತಿದಿಯಲ್ಲಿದೆ.

ಇನ್ನು ನಿವಾರಣೋಪಾಯಗಳು:

1. ಫಿಲ್ಮನ್ನು ನೆರಳಿನಲ್ಲಿಯೇ ತುಂಬಿರಿ. ಜುಹು ಕಡಲತೀರದಂಥ ಬಯಲಿನಲ್ಲಿದ್ದರೆ ಬಿಸಿಲಿಗೆ ಬೆನ್ನು ಮಾಡಿ, ನಿಮ್ಮ ಮೈಯ ನೆರಳನ್ನೇ ಉಪಯೋಗಿಸಿರಿ.

2. ಅಂಟುಪಟ್ಟಿಯನ್ನು ಬಿಚ್ಚಿದ ಕ್ಷಣದಿಂದ ಮುಚ್ಚಳ ಹಾಕುವವರೆಗೆ ಸುರುಳಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಕಾಗದವು ಓರೆಯಾಗದೆ ನೇರವಾಗಿ ಸುತ್ತಿಕೊಳ್ಳಲಿ.

3. ಕೆಂಪು ಕಿಂಡಿಯು ಕೆಂಪು ಬೆಳಕಿಗೆ ಸ್ಪಂದಿಸದ ಫಿಲ್ಮುಗಳ ಕಾಲದ ಏರ್ಪಾಡು. ಇಂದಿನ ಸಾಮಾನ್ಯ ಫಿಲ್ಮುಗಳಿಗೆ ಕೆಂಪೂ ಬೆಳಕೇ. ಆದುದರಿಂದ ಕಿಂಡಿಗೆ ಕಪ್ಪು ಪಟ್ಟಿ ಅಂಟಿಸಿ, ಫಿಲ್ಮು ಸುತ್ತುವಾಗ ಮಾತ್ರ ನೆರಳಿನಲ್ಲಿ ತೆರೆಯಿರಿ.

4. ಚಿತ್ರಗಳು ಮುಗಿದ ಮೇಲೆ ಕಾಗದವನ್ನು ಕೊನೆಯವರೆಗೂ ಸುತ್ತಿರಿ. ಸುರುಳಿಯನ್ನು ಸಡಿಲಬಿಡದೆ ಹೊರತೆಗೆದು, ತುದಿಯನ್ನು ಮಡಚಿ, ಪಟ್ಟಿ ಅಂಟಿಸಿ, ಬೆಳಕು ಹೋಗದ ಡಬ್ಬಿಯಲ್ಲಿಡಿರಿ.

5. ತಿದಿಯ ಮೂಲೆಗಳು ಬಿರಿಯುವುದು ಸಾಮಾನ್ಯ. ಕತ್ತಲೆ ಕೋಣೆಯಲ್ಲಿ ಅದರೊಳಗೆ ಟಾರ್ಚು ಹಿಡಿದು ಹೊರಗಿನಿಂದ ನೋಡಿದರೆ ಸೂಜಿಮೊನೆಯಷ್ಟು ರಂಧ್ರವೂ ಮಿನುಗುತ್ತದೆ.

ನಮ್ಮ ನಗರದ ಮಳೆಗಾಲದ ಬಗ್ಗೆ ಒಂದು ಮಾತು. ತೇವದಿಂದ ಕಾಗದದ ಅಂಕೆಗಳು ಫಿಲ್ಮಿನ ಮೇಲೆ ಮೂಡುವುದುಂಟು. ಇದನ್ನು ಬೆಳಕಿನ ಸೋಂಕೆಂದು ಭ್ರಮಿಸಬಾರದು. ಶೀತಕ ಪೆಟ್ಟಿಗೆಯಿಂದ ತೆಗೆದ ಫಿಲ್ಮಿನ ಪೊಟ್ಟಣವನ್ನು ಅದರ ತಂಪು ಆರಿದ ಮೇಲೆಯೇ ಒಡೆಯತಕ್ಕದ್ದು.

ಮನೆಯಲ್ಲಿ ಮದುವೆಯೋ ಉಪನಯನವೋ ನಿಶ್ಚಯವಾದಾಗ, ಒಂದು ತಿಂಗಳು ಮುಂಚಿತವಾಗಿ ಒಂದು ಸುರುಳಿಯನ್ನು ಪರೀಕ್ಷೆಗೆಂದೇ ಖರ್ಚು ಮಾಡುವುದು ಲೇಸು. ದೋಷ ಕಂಡುಬಂದರೆ ದುರಸ್ತಿಗೆ ಸಮಯವಿರುತ್ತದೆ.