ಬಳಸಿ ಬರುವ ಗುದ್ದು

ಎರಡು ಬಿಂದುಗಳ ನಡುವಣ ಅತ್ಯಂತ ಹ್ರಸ್ವವಾದ ಹಾದಿ ಸರಳರೇಖೆ ಎಂಬುದನ್ನು ನಾವೆಲ್ಲರೂ ರೇಖಾಗಣಿತದ ಮೊದಲ ಪಾಠಗಳಲ್ಲಿಯೇ ಕಲಿತಿರುವೆವು. ಹಾಗಿದ್ದ ಮೇಲೆ ಮುಷ್ಟಿಯುದ್ಧದಲ್ಲಿ ನೇರವಾಗಿ ನುಗ್ಗುವ ಗುದ್ದೇ ಹೆಚ್ಚು ಫಲಕಾರಿಯಾಗಬೇಕು. ಪಕ್ಕದಿಂದ ಬಳಸಿಕೊಂಡು ಬರುವ ಗುದ್ದು ತಡವಾಗಿ ಬಂದು ವ್ಯರ್ಥವಾಗಬೇಕು. ಆದರೆ ಅನುಭವವು ಬೇರೊಂದನ್ನು ಹೇಳುತ್ತದೆ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಸೆಣಸಿದರು. ಚುರುಕಿಗೆ ಹೆಸರಾಗಿದ್ದ ಅಲಿಯನ್ನು 15ನೆಯ, ಎಂದರೆ ಕಡೆಯ ಸುತ್ತಿನಲ್ಲಿ ನೆಲಕ್ಕೆ ಕೆಡವಿದುದು ನೇರವಾದ ಗುದ್ದಲ್ಲ; ಫ್ರೇಜಿಯರನ ಎಡಗೈಯಿಂದ ಕಮಾನಿನಂತೆ ಬಾಗಿ ಬಂದು ದವಡೆಗೆ ತಗಲಿದ ಗುದ್ದು. ಬಾಕ್ಸಿಂಗಿನಲ್ಲಿ ಇದಕ್ಕೆ ‘ಹುಕ್’ ಎಂದು ಹೆಸರು. ಸುತ್ತುದಾರಿ ಹಿಡಿಯುವ ಈ ಗುದ್ದು ಎದುರಾಳಿಯನ್ನು ವಂಚಿಸುವ ಬಗೆಯನ್ನು ವಿಚಾರಿಸೋಣ.

ಮೊದಲು ಹಾದಿಯ ಉದ್ದವನ್ನು ಲೆಕ್ಕ ಹಾಕೋಣ. ಮುಷ್ಟಿಯು ವೃತ್ತದ ಕಾಲುಭಾಗದಷ್ಟು ಚಾಪದ ಮೇಲೆ ಚಲಿಸುವುದೆಂದು ಭಾವಿಸಿರಿ. ತ್ರಿಜ್ಯವು 1 ಆದರೆ ಚಾಪದ ಉದ್ದ 1.57, ಚಾಪದ ತುದಿಗಳನ್ನು ಕೂಡಿಸುವ ಜ್ಯಾದ ಉದ್ದ 1.41. ಆದುದರಿಂದ ಸುತ್ತುದಾರಿಯು ನೇರದಾರಿಗಿಂತ ನೂರಕ್ಕೆ 11ರಷ್ಟು ಮಾತ್ರ ಹೆಚ್ಚು. ನೇರದಾರಿಯನ್ನು 60 ಸೆಂಟಿಮೀಟರು, ಮುಷ್ಟಿಯ ವೇಗವನ್ನು ಸೆಕೆಂಡಿಗೆ 8 ಮೀಟರು ಎಂದು ಇಟ್ಟುಕೊಂಡರೆ, ನೇರ ಗುದ್ದಿಗೆ 0.075 ಸೆಕೆಂಡೂ ಬಾಗಿದ ಗುದ್ದಿಗೆ 0.083 ಸೆಕೆಂಡೂ ಹಿಡಿಯುವುವು. ವ್ಯತ್ಯಾಸವು ಸೆಕೆಂಡಿನ ನೂರರಲ್ಲೊಂದು ಪಾಲಿಗಿಂತಲೂ ಕಡಮೆ! ಕಣ್ಣು ಕಂಡುದಕ್ಕೆ ತಕ್ಕಂತೆ ಕೈ ಚಲಿಸತೊಡಗಲು ಸುಮಾರು 0.2 ಸೆಕೆಂಡು ಬೇಕು. ಎಂದರೆ, ಗುದ್ದು ಹೊರಟುದನ್ನು ಕಂಡ ಮೇಲೆ ಕೈಯೆತ್ತುವವನು ಈ ಎರಡರಲ್ಲಿ ಯಾವುದನ್ನೂ ತಡೆಯಲಾರನು.

ಹಾಗಾದರೆ ಪಳಗಿದ ಪಟುಗಳು ಗುದ್ದುಗಳನ್ನು ತಡೆಯುವುದು ಹೇಗೆ? ಅವರು ಮುಂದಾಗಿಯೇ ಊಹಿಸುತ್ತಾರೆ. ಎದುರಾಳಿಯ ಹೆಗಲು ತಿರುಗುವ, ಸೊಂಟ ಹೊರಳುವ ರೀತಿಯಿಂದಲೂ ಮುಷ್ಟಿಯ ಮೊದಲ ಚಲನೆಯಿಂದಲೂ ಗುದ್ದು ಎಲ್ಲಿಗೆ ಬಂದೀತೆಂಬುದನ್ನು ಮೆದುಳು ಎಣಿಸುತ್ತದೆ. ಕ್ರಿಕೆಟ್ಟಿನಲ್ಲಿ ಚೆಂಡನ್ನು ಎದುರಿಸುವ ದಾಂಡಿಗನೂ ಮಾಡುವುದು ಇದನ್ನೇ. ಬಾಗಿದ ಗುದ್ದು ವಂಚಿಸುವುದು ಈ ಎಣಿಕೆಯನ್ನು.

ಕವಣೆಯನ್ನು ಬೀಸಿ ಬಿಟ್ಟಾಗ ಕಲ್ಲು ಆ ಬಿಂದುವಿನ ಸ್ಪರ್ಶರೇಖೆಯಲ್ಲಿ ಹಾರಿಹೋಗುವುದು. ವೃತ್ತದಲ್ಲಿ ಚಲಿಸುವ ವಸ್ತುವಿನ ದಿಕ್ಕು ಪ್ರತಿಕ್ಷಣವೂ ಬದಲಾಗುತ್ತಿರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ನಮ್ಮ ಚಾಪದ ಆರಂಭದಲ್ಲಿ ಸ್ಪರ್ಶರೇಖೆಯು ನೇರದಾರಿಯೊಡನೆ 45 ಡಿಗ್ರಿ ಕೋನ ಮಾಡುತ್ತದೆ. ಮುಷ್ಟಿಯು ಅದೇ ದಿಕ್ಕಿನಲ್ಲಿ ಮುಂದುವರಿದಿದ್ದರೆ ಗುರಿಯಿಂದ ಸುಮಾರು 42 ಸೆಂಟಿಮೀಟರು ಆಚೆಗೆ ಹಾದುಹೋಗುತ್ತಿದ್ದಿತು. ಆದುದರಿಂದ ಮೊದಲ ಚಲನೆಯನ್ನು ನಂಬಿದವನಿಗೆ ಗುದ್ದು ಗುರಿ ತಪ್ಪಿದಂತೆ ತೋರುವುದು. ಅದು ಒಳಕ್ಕೆ ಹೊರಳಿತೆಂಬುದು ತಿಳಿಯುವ ವೇಳೆಗೆ ಕಾಲ ಮೀರಿರುತ್ತದೆ. ಜಾಣನಾದ ಪಟು ಮೊದಲು ಎರಡು ಮೂರು ನೇರ ಗುದ್ದುಗಳನ್ನು ಕೊಟ್ಟು, ಎದುರಾಳಿಯ ಕೈಗಳು ಮುಖದ ಮುಂದಕ್ಕೆ ಬರುವಂತೆ ಮಾಡಿ, ಅನಂತರ ಪಕ್ಕದಿಂದ ಹುಕ್ಕನ್ನು ಹಾಯಿಸುವುದೂ ಇದೇ ಕಾರಣದಿಂದ.

ಕಣ್ಣಿನ ರಚನೆಯೂ ಈ ವಂಚನೆಗೆ ನೆರವಾಗುತ್ತದೆ. ನಾವು ಅತಿ ಸ್ಪಷ್ಟವಾಗಿ ಕಾಣುವುದು ದೃಷ್ಟಿಯ ನಡುವಣ ಸುಮಾರು 2 ಡಿಗ್ರಿಯಷ್ಟು ಪ್ರದೇಶವನ್ನು ಮಾತ್ರ. ತೋಳು ಚಾಚಿ ಹಿಡಿದ ಹೆಬ್ಬೆರಳಿನ ಅಗಲ ಅಷ್ಟೇ ಇರುವುದು. ವಾಚಕರು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಎದುರಿನ ಗೋಡೆಯ ಒಂದು ಗುರುತನ್ನು ದಿಟ್ಟಿಸುತ್ತಿರಿ. ಗೆಳೆಯನೊಬ್ಬನು ನಿಮಗೆ ಬಣ್ಣ ತಿಳಿಸದೆ ಪೆನ್ಸಿಲೊಂದನ್ನು ನಿಮ್ಮ ಕಿವಿಯ ಬಳಿಯಿಂದ ಅಲುಗಿಸುತ್ತ ಮೆಲ್ಲನೆ ಮುಂದಕ್ಕೆ ತರಲಿ. ಏನೋ ಚಲಿಸುತ್ತಿದೆ ಎಂಬುದು ಮೊದಲು ತಿಳಿಯುವುದು. ಅದರ ಬಣ್ಣವೂ ಆಕಾರವೂ ತಿಳಿಯುವುದು ಬಹಳ ಅನಂತರ. ಎದುರಾಳಿಯ ಮುಖವನ್ನೋ ಎದೆಯನ್ನೋ ನೋಡುತ್ತಿರುವವನಿಗೆ ಹುಕ್ಕು ಬರುವುದು ದೃಷ್ಟಿಯ ಈ ಮಬ್ಬಾದ ಅಂಚಿನಿಂದಲೇ.

ಇಲ್ಲಿಯವರೆಗೆ ಇದು ವಿನೋದದ ಗಣಿತ. ಆದರೆ ಕಾಣದೆ ಬಿದ್ದ ಗುದ್ದಿನ ಪರಿಣಾಮ ವಿನೋದವಲ್ಲ. ಗುದ್ದು ಬರುವುದು ಗೊತ್ತಾದರೆ ಕತ್ತಿನ ಸ್ನಾಯುಗಳು ಬಿಗಿದುಕೊಂಡು ತಲೆಯನ್ನು ಹಿಡಿದಿಡಲು ಯತ್ನಿಸುತ್ತವೆ. ಗೊತ್ತಾಗದಿದ್ದರೆ ಸಡಿಲವಾಗಿಯೇ ಇರುತ್ತವೆ. ಗದ್ದಕ್ಕೆ ಪಕ್ಕದಿಂದ ತಗಲಿದ ಗುದ್ದು ತಲೆಯನ್ನು ಬುಗುರಿಯಂತೆ ಥಟ್ಟನೆ ತಿರುಗಿಸುತ್ತದೆ. ಮೆತ್ತಗಿನ ಮೆದುಳು ಬುರುಡೆಯೊಡನೆ ಒಮ್ಮೆಗೇ ತಿರುಗಲಾರದೆ ಒಳಗೇ ಜಗ್ಗಿಕೊಳ್ಳುತ್ತದೆ. ಇಂಥ ತಿರುಗುವಿಕೆಯೇ ಮೆದುಳಿಗೆ ಹೆಚ್ಚು ಅಪಾಯಕರವೆಂದು ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬರ್ನ್ 1943ರಲ್ಲಿ ಜೆಲಾಟಿನ್ ಮಾದರಿಗಳ ಮೂಲಕ ವಾದಿಸಿದನು. ತಲೆಗೆ ಬಹುಕಾಲ ಪೆಟ್ಟು ತಿಂದ ಮುಷ್ಟಿಯುದ್ಧಪಟುಗಳಲ್ಲಿ ತೂರಾಡುವ ನಡಿಗೆಯೂ ಮಂಕೂ ಕಾಣಿಸಿಕೊಳ್ಳುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿಯೇ ವರ್ಣಿಸಿದ್ದನು. ಕೈಗವಸು ಚರ್ಮ ಹರಿಯುವುದನ್ನು ಕಡಮೆ ಮಾಡೀತೇ ಹೊರತು ತಲೆ ತಿರುಗುವುದನ್ನು ತಡೆಯಲಾರದು.

ಆದುದರಿಂದ ಈ ವಿದ್ಯೆಯನ್ನು ಪರೀಕ್ಷಿಸಬಯಸುವ ವಿದ್ಯಾರ್ಥಿಗಳು ತೆರೆದ ಅಂಗೈಯಿಂದ ಗೆಳೆಯನ ಹೆಗಲನ್ನು ಹಗುರವಾಗಿ ಮುಟ್ಟಿ ನೋಡಲಿ. ತಲೆಯ ತಂಟೆಗೆ ಹೋಗದಿರಲಿ. ಹತ್ತು ಸಲ ನೇರವಾಗಿ, ಹತ್ತು ಸಲ ಬಳಸಿ ಮುಟ್ಟಿ, ಗೆಳೆಯನು ತಡೆದುದನ್ನು ಎಣಿಸಿರಿ. ನಮ್ಮನ್ನು ಕಾಯುವ ಊಹೆಯೇ ನಮ್ಮನ್ನು ಮೋಸಗೊಳಿಸುವುದೂ ಉಂಟೆಂಬುದು ಆಗ ಸ್ವಾನುಭವದಿಂದಲೇ ತಿಳಿಯುವುದು.